ಬರ್ಮಾ ಹಲಸು

ಮಲೆನಾಡಿನಲ್ಲಿ ಹಳೇ ಮನೆ ಬಿಚ್ಚುತ್ತಾರೆಂಬ ಸುದ್ದಿ ಮೊದಲು ಮುಟ್ಟುವುದು ನೆಂಟರಿಷ್ಟರಿಗಲ್ಲ, ಹಳೇ ಮರಮುಟ್ಟಿನ ವ್ಯಾಪಾರಿಗೆ. ಅಣ್ಣತಮ್ಮಂದಿರ ಪಾಲುಪಟ್ಟಿ ಇನ್ನೂ ವಕೀಲರ ಕೈಯಲ್ಲಿರುವಾಗಲೇ ಆತ ಜಗಲಿಗೆ ಬಂದು ಕೂತು, ಕೊಟ್ಟ ಕಾಫಿ ಕುಡಿಯುತ್ತ, ಕಣ್ಣಲ್ಲೇ ಕಂಬ ಎಣಿಸಿ ಮುಗಿಸಿರುತ್ತಾನೆ. “ಏನಿದೆ ಇದ್ರಲ್ಲಿ, ಬರೀ ಗೆದ್ದಲು” ಎಂದು ಮುಖ ಹಿಂಡುತ್ತಾನೆ. ಅದೇ ಕಂಬ ತಿಂಗಳೊಪ್ಪತ್ತಿನಲ್ಲಿ ಆತನ ಶೆಡ್ಡಿನಲ್ಲಿ ನಿಂತಾಗ ಗೆದ್ದಲು ಬಿಟ್ಟು ಇತಿಹಾಸ ಹಿಡಿದಿರುತ್ತದೆ. ಇಂಥ ಶೆಡ್ಡುಗಳಲ್ಲಿ ಬಡ ರೈತನ ಮನೆಯ ಕಂಬ ನಾನು ನೋಡಿಲ್ಲ. ಎಲ್ಲವೂ ಪಟೇಲರ ಮನೆಯವು, ತಪ್ಪಿದರೆ ಅರಮನೆಯವು. ಮರದ ಕಥೆಯೂ ಅಷ್ಟೆ. ನಮ್ಮ ಹೊನ್ನೆ, ಮತ್ತಿ, ನಂದಿಗಳೆಲ್ಲ ಆ ಹೊಸಿಲು ದಾಟಿದ ಕೂಡಲೇ ಬರ್ಮಾ ತೇಗವಾಗುತ್ತವೆ.

ಕಟ್ಟಲಿರುವ ಮನೆಗೆಂದು ನಾನು ಮೆಚ್ಚಿದ ಬಾಗಿಲೂ ಬರ್ಮಾದ್ದೇ ಆಗಿತ್ತು. ಜತೆಗೆ ಬಂದಿದ್ದ ಆಚಾರ್ರು ಮಾತಾಡಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಕದದ ಬುಡದಲ್ಲಿ ಉಳಿಯಿಂದ ಒಂದು ಚಕ್ಕೆ ಎಬ್ಬಿಸಿದರು. ಮೇಲೆ ಕಾಫಿ ಡಿಕಾಕ್ಷನ್ ಬಣ್ಣ, ಒಳಗೆ ಅರಿಸಿನ. “ಹಲಸು ಮಾರಾಯ್ರೇ” ಎಂದರು. ವ್ಯಾಪಾರಿಗೆ ಒಂದಿಷ್ಟೂ ಮುಜುಗರವಿಲ್ಲ. “ಹೌದು, ಬರ್ಮಾ ಹಲಸು!”

ಹಲಸಾದರೇನು, ಹಳೇ ಮರದ ಗುಣವೇ ಬೇರೆ. ಸೀಳಬೇಕಾದಲ್ಲಿ ಸೀಳಿ, ಸೊಟ್ಟಗಾಗಬೇಕಾದಷ್ಟು ಸೊಟ್ಟಗಾಗಿ, ತನ್ನ ಹಟವನ್ನೆಲ್ಲ ಹಿಂದಿನ ಮನೆಯಲ್ಲೇ ತೀರಿಸಿಕೊಂಡು ಬಂದಿರುತ್ತದೆ. ಅಗ್ಗ ಎಂದು ಮಾತ್ರ ಯಾರೂ ಹೋಗಬಾರದು. ಒಳಗೆ ಮುರಿದು ಕೂತ ಮೊಳೆ ಯಂತ್ರದ ಬ್ಲೇಡು ಮುಕ್ಕಾಗಿಸುತ್ತದೆ. ಆ ಬ್ಲೇಡಿನ ದುಡ್ಡೂ ನಮ್ಮ ತಲೆಯ ಮೇಲೆ. ದಾರಂದದ ಎತ್ತರವೂ ಇವತ್ತಿನವರಿಗೆ ಸಾಲದು. ಬಗ್ಗಿ ಬರುವುದು ವಿನಯದ ಪಾಠ ಎಂದು ಹೇಳುವವರ ಹಣೆ ಇನ್ನೂ ತಗುಲಿಲ್ಲವೆಂದು ತಿಳಿಯಬೇಕು.

ಹಣೆಗಿಂತ ದೊಡ್ಡ ಅಡ್ಡಿ ನಮ್ಮ ಅತ್ತೆ. “ಯಾರದೋ ಮನೆ ಬಾಗ್ಲು. ಎಷ್ಟು ಹೆಣ ದಾಟಿದ್ಯೋ ಏನೋ!” ಅತ್ತೆ ಬೆಳೆದ ಮನೆಯೇ ಹಳೇ ಮರದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಶರಾವತಿ ಕಣಿವೆಯ ಎಷ್ಟೋ ಮಂದಿ ಮನೆ ಬಿಚ್ಚಿ, ತೊಲೆ, ಕಂಬ, ಹಂಚುಗಳನ್ನು ಸಾಗಿಸಿ ಹೊಸ ಊರಿನಲ್ಲಿ ಮತ್ತೆ ಕಟ್ಟಿಕೊಂಡರು. ಅವರಲ್ಲಿ ಅತ್ತೆಯ ಅಪ್ಪನೂ ಒಬ್ಬರು. ಅದನ್ನು ನೆನಪಿಸಿದೆ. “ಅದನ್ನು ದಾಟಿದ್ದು ನಮ್ಮವರದೇ ಹೆಣ” ಎಂದರು. ಇದಕ್ಕೆ ಯಾವ ವಾಸ್ತು ಪಂಡಿತನ ಬಳಿಯೂ ಉತ್ತರವಿರಲಾರದು.

ಮಣಿಪಾಲದ ವಿಜಯನಾಥ ಶೆಣೈ ಅವರಿಗೆ ಇಂಥ ಅತ್ತೆಯರು ಎಷ್ಟು ಮಂದಿ ಎದುರಾದರೋ! ಬ್ಯಾಂಕಿನ ನೌಕರಿಯಲ್ಲಿದ್ದ ಮನುಷ್ಯ, ಬಾಗಿಲು ಕಿಟಕಿಗಳಿಂದ ತೊಡಗಿ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸುವ ಮಟ್ಟಕ್ಕೆ ಮುಟ್ಟಿದರು. ಅಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಈ ಹುಚ್ಚಿಗೆ ಮೇರೆಯಿಲ್ಲವೆಂದು ಗೊತ್ತಾಗುತ್ತದೆ. ನನ್ನದು ಒಂದು ಬಾಗಿಲಿನ ಹುಚ್ಚು, ಮನೆಯವರು ಸಹಿಸಬಹುದು.

ನಿಜವಾಗಿ ದುಡ್ಡು ಉಳಿಸುವವು ಹಂಚು, ಇಟ್ಟಿಗೆ. ಗಾರೆಯಲ್ಲಿ ಕಟ್ಟಿದ ಗೋಡೆಯ ಇಟ್ಟಿಗೆ ಸುತ್ತಿಗೆಯ ನಾಲ್ಕು ಏಟಿಗೆ ಮೈಕೊಡವಿ ಈಚೆ ಬರುತ್ತದೆ. ಸಿಮೆಂಟಿನದು ಪುಡಿಯಾದೀತೇ ಹೊರತು ಬಿಡದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕಡೆಯ ಮಳೆಯನ್ನೆಲ್ಲ ಹೊತ್ತದ್ದು ಅಂಥ ಹಂಚುಗಳೇ. ಪಾಚಿ ಉಜ್ಜಿದರೆ ಕಾರ್ಖಾನೆಯ ಹೆಸರು ಮೇಲೇಳುತ್ತದೆ. ಆ ಹೆಸರು ಓದುವುದು ಬರೀ ಚಪಲವಲ್ಲ. ಒಂದು ಕಾರ್ಖಾನೆಯ ಅಚ್ಚು ಇನ್ನೊಂದರ ಅಚ್ಚಿಗೆ ಸರಿಯಾಗಿ ಕೂರುವುದಿಲ್ಲ. ಬೆರೆಸಿ ಹೊದಿಸಿದವರು ಆಷಾಢದಲ್ಲಿ ಬಕೆಟ್ಟು ಹುಡುಕುತ್ತಾರೆ. ಸೂರಿಗೆ ಬಾರದ ಹಂಚಿಗೂ ಗತಿಯುಂಟು. ಹೆಚ್ಚು ಭಾರ ಹೊರದ ತಾರಸಿಯ ತಳಭಾಗದಲ್ಲಿ ಹಂಚು ಹುದುಗಿಸಿ ಕಾಂಕ್ರೀಟು ಉಳಿಸುವ ಕ್ರಮವನ್ನು ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಬಳಕೆಗೆ ತಂದರು. ಬೆಂಗಳೂರಿನ ಹೊಸ ಮನೆಗಳಲ್ಲಿ ಕತ್ತೆತ್ತಿದರೆ ಈಗಲೂ ಕಾಣುತ್ತದೆ.

ನೀವೂ ಹಳೇ ಸಾಮಾನು ಹುಡುಕಿ ಹೊರಟಿದ್ದರೆ ಮನೆಯ ನಕ್ಷೆ ಕೊನೆಯಾಗುವ ಮೊದಲೇ ಹೊರಡಿ. ಹಳೇ ಬಾಗಿಲಿನ ಅಳತೆಗೆ ಗೋಡೆ ಬಿಡಬಹುದು, ಎದ್ದ ಗೋಡೆಯ ಅಳತೆಗೆ ಹಳೇ ಬಾಗಿಲು ಸಿಗುವುದಿಲ್ಲ. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟಣ್ಣೆಂದರೆ ಮಾತ್ರ ಆರಿಸಿ. ಒಂದೇ ಮನೆಯದನ್ನು, ಒಡೆಯುವ ಲೆಕ್ಕಕ್ಕೆ ನೂರಕ್ಕೆ ಹತ್ತು ಹೆಚ್ಚು ಸೇರಿಸಿ ಕೊಳ್ಳಿ. ಮರ ನೋಡಲು ಆಚಾರ್ರು ಜತೆಗಿರಲಿ. ಅತ್ತೆಗೆ ಮಾತ್ರ ಬಾಗಿಲು ಕೂರಿಸಿದ ಮೇಲೆ ಹೇಳಿ.