ಇವಳಿಗೆ ಎಲ್ಲಾ ಬರುತ್ತೆ, ಮಿಸ್!

ತಂದೆ-ತಾಯಿಯರ ಚಿಂತೆಗಳಲ್ಲಿ ಎರಡು ಜಾತಿ. "ನಮ್ಮ ಪುಟ್ಟಿ ಸರಿಯಾಗಿ ಊಟಾನೇ ಮಾಡಲ್ಲ" ಎಂಬುದು ಅಸಲಿ ಚಿಂತೆ. "ನಮ್ಮ ಪುಟ್ಟಿಗೆ ಎಲ್‌ಕೆಜಿಯಲ್ಲಿ ಬೋರ್ ಆಗಿಬಿಡುತ್ತೇನೋ" ಎಂಬುದು ಚಿಂತೆಯ ವೇಷ ಹಾಕಿದ ಜಂಬ. ಇದನ್ನು ಹೇಳುವಾಗ ಮುಖ ಬಾಡಿರಬೇಕು, ದನಿ ತಗ್ಗಿರಬೇಕು. ಆದರೆ ಪಕ್ಕದ ಮನೆಯವರಿಗೆ ಕೇಳಿಸದಷ್ಟು ತಗ್ಗಬಾರದು. ಈ ವಿದ್ಯೆ ನನಗೆ ಚೆನ್ನಾಗಿ ಕೈಹತ್ತಿದೆ.

ಬೋರ್ ಆಗದೆ ಏನು ಮಾಡೀತು? ಮಗಳಿಗೆ ಎಬಿಸಿಡಿ ಬರುತ್ತದೆ, ಅಆಇಈ ಬರುತ್ತದೆ. ಇಪ್ಪತ್ತೊಂಬತ್ತರವರೆಗೆ ಸಲೀಸಾಗಿ ಎಣಿಸುತ್ತಾಳೆ. ಆಮೇಲೆ ಇಪ್ಪತ್ಹತ್ತು, ಇಪ್ಪತ್ಹನ್ನೊಂದು ಎಂದು ಮುಂದುವರಿಯುತ್ತಾಳೆ. ಲೆಕ್ಕದ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲವಾದ್ದರಿಂದ ನಾನು ತಿದ್ದಲು ಹೋಗಿಲ್ಲ. ಬಿಎಂಟಿಸಿ ಬಸ್ಸಿನ ಬೋರ್ಡು ನೋಡಿ "ಮೆಜೆಸ್ಟಿಕ್" ಎಂದು ಓದುತ್ತಾಳೆ. ನಮ್ಮ ಸ್ಟಾಪಿಗೆ ಬರುವ ಬಸ್ಸುಗಳೆಲ್ಲ ಮೆಜೆಸ್ಟಿಕ್ಕಿಗೇ ಹೋಗುತ್ತವೆ ಎಂಬುದು ಬೇರೆ ವಿಷಯ.

ಹೀಗಾಗಿ ಶಾಲೆ ಶುರುವಾದ ದಿನ ಮಿಸ್ ಹತ್ತಿರ ಹೋಗಿ ಕೇಳಿಯೇಬಿಟ್ಟೆ: "ಇವಳಿಗೆ ಎಲ್ಲಾ ಬರುತ್ತೆ, ಮಿಸ್. ಸ್ವಲ್ಪ ಚಾಲೆಂಜ್ ಇರೋ ಥರದ್ದು ಏನಾದ್ರೂ ಕೊಡ್ತೀರಾ?" ಅವರ ಸೆರಗಿಗೆ ಒಬ್ಬ ಜೋತುಬಿದ್ದು ಅಳುತ್ತಿದ್ದ. ಇನ್ನೊಬ್ಬನ ಬಲಗಾಲಿನ ಶೂ ಎಡಗಾಲಲ್ಲಿತ್ತು, ಅದನ್ನು ಬಿಚ್ಚುತ್ತಲೇ ಮಿಸ್ ಹೇಳಿದರು: "ಕೊಡೋಣ ಸಾರ್. ಟಾಯ್ಲೆಟ್ಟಿಗೆ ಹೋಗ್ಬೇಕು ಅಂತ ಟೈಮಿಗೆ ಸರಿಯಾಗಿ ಹೇಳ್ತಾಳಾ?"

ಶಿಶುವಿಹಾರದ ಮೂಲಪುರುಷ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಸಿಕ್ಕಿದ್ದರೆ ಅವನನ್ನೂ ಇದೇ ಚಾಲೆಂಜ್ ಕೇಳುತ್ತಿದ್ದೆ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವನು ಪುಟ್ಟ ಮಕ್ಕಳಿಗಾಗಿ ಕೇಂದ್ರವೊಂದನ್ನು ತೆರೆದಾಗ, ಅವರ ಕೈಗೆ ಕೊಟ್ಟ ಮೊದಲ ಪಾಠಸಾಮಗ್ರಿ ಪುಸ್ತಕವಲ್ಲ, ಬಣ್ಣದ ಉಣ್ಣೆಯ ಚೆಂಡು. ಅದಾದ ಮೇಲೆ ಮರದ ಗುಂಡು, ಘನ, ಉರುಳೆ. ಇಷ್ಟಕ್ಕೇ ಪ್ರಷ್ಯಾ ಸರ್ಕಾರಕ್ಕೆ ದಿಗಿಲಾಗಿ, ಶಿಶುವಿಹಾರಗಳೆಲ್ಲ ನಾಸ್ತಿಕತೆ ಹರಡುವ ತಾಣಗಳೆಂದು 1851ರಲ್ಲಿ ನಿಷೇಧಿಸಿತು. ಫ್ರೋಬೆಲನ ಅಣ್ಣನ ಮಗ ಕಾರ್ಲ್ ಬರೆದಿದ್ದನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದೂ ಅದಕ್ಕೊಂದು ಕಾರಣವಂತೆ. ದಾಯಾದಿಗಳ ಸಹವಾಸ ಎಲ್ಲಿ ಹೋದರೂ ಇಷ್ಟೇ. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಮಕ್ಕಳು ಏನೇನೋ ಕಲಿತುಬಿಟ್ಟಾರು ಎಂದು ಹೆದರಿದ ಆ ಮಂತ್ರಿಗಳ ಮೇಲೆ ನನಗೀಗ ಸಣ್ಣ ಹೊಟ್ಟೆಕಿಚ್ಚೇ ಇದೆ.

ನಮ್ಮಲ್ಲಿ ಸರ್ಕಾರದ ತಕರಾರು ವಯಸ್ಸಿನದು. ಜೂನ್ 1ಕ್ಕೆ ಆರು ತುಂಬಿದ್ದರಷ್ಟೇ ಒಂದನೇ ಕ್ಲಾಸು ಎಂಬ ನಿಯಮ 2025ರಲ್ಲಿ ಬಾಗಿಲಿಗೆ ಬಂದು ನಿಂತಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಕೊತಕೊತ ಕುದಿಯಿತು. ಓದಿದ ಯುಕೆಜಿಯನ್ನೇ ಮತ್ತೆ ಓದಿಸಬೇಕೆ? ಪಂಚಾಂಗ ನೋಡಿ ಸಿಸೇರಿಯನ್ ಮಾಡಿಸಿದವರೊಬ್ಬರು, ಶಿಕ್ಷಣ ಇಲಾಖೆಯ ಕ್ಯಾಲೆಂಡರನ್ನೂ ನೋಡಬೇಕಿತ್ತೆಂದು ಹಲುಬಿದರು. ಕೊನೆಗೆ ಆ ಒಂದು ಸಾಲಿಗೆ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಾಗಿದ್ದರೆ ಸಾಕೆಂದು ಸರ್ಕಾರ ಸಡಿಲಿಸಿತು.

"ನಮ್ಮ ಕಾಲದಲ್ಲಿ ತಾರೀಖು ಯಾರು ಕೇಳ್ತಿದ್ರು?" ಎಂದರು ಅಮ್ಮ. "ತಲೆ ಮೇಲಿಂದ ಬಲಗೈ ತಂದು ಎಡಗಿವಿ ಮುಟ್ಟಿಸೋರು. ಮುಟ್ಟಿದ್ರೆ ಸೀಟು, ಇಲ್ಲಾಂದ್ರೆ ಮನೆ. ನಿಮ್ಮಪ್ಪನಿಗೆ ಹುಟ್ಟಿದ ದಿನ ಕೊಟ್ಟಿದ್ದೇ ಹೆಡ್‌ಮಾಸ್ಟ್ರು." ಮೊಮ್ಮಗಳು ಕೂಡಲೇ ಪ್ರಯತ್ನಿಸಿದಳು. ಬೆರಳು ಕಿವಿಯ ಮೇಲ್ತುದಿಗೆ ಬಂದು ನಿಂತಿತು. "ಇನ್ನೊಂದ್ ವರ್ಷ ಆಡ್ಕೊಂಡಿರಲಿ ಬಿಡೋ" ಎಂದು ಅಮ್ಮ ತೀರ್ಪು ಕೊಟ್ಟರು. ಮೂರರಿಂದ ಎಂಟು ವರ್ಷದವರೆಗಿನ ಕಲಿಕೆ ಆಟದ ಮೂಲಕವೇ ಸಾಗಬೇಕೆನ್ನುವ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅವರು ಓದಿಲ್ಲ.

ಮಿಸ್ ಕೊಟ್ಟ ಚಾಲೆಂಜುಗಳೋ, ಮಣಿ ಪೋಣಿಸುವುದು, ಪೇಪರ್ ಹರಿದು ಅಂಟಿಸುವುದು, ಜೇಡಿಮಣ್ಣು ಮಿದಿಯುವುದು. ಬೆರಳಿಗೆ ಕಸುವು ಬರದೆ ಪೆನ್ಸಿಲ್ ಹಿಡಿಸಿದರೆ ಅಕ್ಷರಕ್ಕೆ ಮೊದಲು ಕೈನೋವು ಬರುತ್ತದಂತೆ. ಇದಕ್ಕೆ ಇಷ್ಟು ಫೀಸೇ ಎಂದು ಲೆಕ್ಕ ಹಾಕುತ್ತಿದ್ದಾಗ ಒಂದು ಸಂಜೆ ಡಬ್ಬಿ ಚಿತ್ರಾನ್ನದ ಸಮೇತ ವಾಪಸ್ಸು ಬಂತು.

"ಯಾಕೆ ತಿನ್ನಲಿಲ್ಲ?"

"ಮುಚ್ಚಳ ಬರ್ಲಿಲ್ಲ."

"ಮಿಸ್‌ಗೆ ಹೇಳೋದಲ್ವಾ?"

"ಮಿಸ್ ಬಿಜಿ."

ಮೆಜೆಸ್ಟಿಕ್ ಓದುವ ಹುಡುಗಿ! ಅಂದಿನಿಂದ ಮನೆಯಲ್ಲಿ ಮುಚ್ಚಳದ ಕೋಚಿಂಗ್ ಆರಂಭವಾಯಿತು. ಒತ್ತುವ ಮುಚ್ಚಳ, ತಿರುಪಿನ ಮುಚ್ಚಳ, ಕ್ಲಿಪ್ಪಿನ ಮುಚ್ಚಳ, ಕಡೆಗೆ ಅಮ್ಮನ ಉಪ್ಪಿನಕಾಯಿ ಭರಣಿ. ನನ್ನ ಹೆಂಡತಿ ಮೇಲ್ವಿಚಾರಕಿ. ಮಗಳು ಬಲುಬೇಗ ಪಳಗಿದಳು.

ಮೊನ್ನೆ ಡೈರಿಯಲ್ಲಿ ಮಿಸ್ ಕೆಂಪಿಂಕಿನಲ್ಲಿ ಬರೆದಿದ್ದರು: ಪ್ರೇಯರ್ ಹೊತ್ತಿನಲ್ಲಿ ಇವಳು ಇಡೀ ಕ್ಲಾಸಿನ ಡಬ್ಬಿಗಳನ್ನೆಲ್ಲ ತೆಗೆದಿಟ್ಟಿದ್ದಾಳೆ, ದಯವಿಟ್ಟು ಬುದ್ಧಿ ಹೇಳಿ. ಸಹಿ ಹಾಕಿ, ಆ ಪುಟದ ಫೋಟೋ ತೆಗೆದು ಅಮ್ಮನಿಗೂ ಅತ್ತೆಗೂ ಕಳಿಸಿದೆ.