ಆ ಕಡೆಯವರ ಸಹಿ ಎಲ್ಲದ?

ಬಸವಕಲ್ಯಾಣದ ಪಕ್ಕದ ಮೋರಖಂಡಿಯಲ್ಲಿ, ತೊಗರಿ ಹೊಲದ ಬದುವಿನ ಮೇಲೆ ಸಿಕ್ಕ ನವಿಲು ಇದು. ರಾಷ್ಟ್ರಪಕ್ಷಿಯಲ್ಲವೆ, ಶಿಷ್ಟಾಚಾರ ಬಿಡಲಾದೀತೆ? ಅದನ್ನು ಬೇವಿನ ಟೊಂಗೆಯ ಮೇಲೆ ಕೂರಿಸಿ ನಾನು ಕೆಳಗೆ ನಿಂತು ಮಾತನಾಡಿಸಿದೆ. ‘ನಾವು ದೇವರು ಆರಿಸಿಕೊಂಡ ನಾಡು, ಅವನೊಂದಿಗೆ ನಮಗೆ ಪ್ರತ್ಯೇಕ ಕರಾರಿದೆ’ ಎಂದು ಒಂದು ದೇಶ ಹೇಳಿಕೊಳ್ಳಬಹುದೇ ಎಂಬುದು ವಿಷಯ. ಇಂಥ ಕರಾರಿಗೆ ಹಿಂದೆ ಗರಿ ಕೊಟ್ಟ ಕುಲ ನವಿಲಿನದು.

ತಮ್ಮ ಊರು ರಾಜಧಾನಿಯಾಗಿತ್ತಂತೆ?

ಕೆಲವು ಪಂಡಿತರು ಹಂಗ ಅಂತಾರ. ರಾಷ್ಟ್ರಕೂಟರ ಮೂರನೇ ಗೋವಿಂದ 807–808ರ ಸುಮಾರಿಗೆ ಮಯೂರಖಂಡಿಯಿಂದ ತಾಮ್ರಪಟ ಹೊರಡಿಸ್ಯಾನ. ಆ ಮಯೂರಖಂಡಿ ಇದೇ ಅಂತ ಒಬ್ಬರು, ಅಲ್ಲ, ನಾಸಿಕ್ ಕಡೀ ಗುಡ್ಡ ಅಂತ ಇನ್ನೊಬ್ಬರು. ಅವರ ಜಗಳ ಮುಗಿಯೂತನ ನಾವು ಇಲ್ಲೇ ಇರ್ತೀವಿ. ತೊಗರಿ ಛಲೋ ಅದ.

ದೇವರ ಕರಾರಿನಲ್ಲಿ ತಮ್ಮ ಪಾಲೇನು?

ಕಲ್ಯಾಣದ ಚಾಲುಕ್ಯರ ಪ್ರಶಸ್ತಿ ಓದ್ರಿ. ಬಿಳೀ ಕೊಡೆ ಕೌಶಿಕಿ ದೇವಿ ವರ. ವರಾಹ ಲಾಂಛನ ನಾರಾಯಣನ ಪ್ರಸಾದ. ಕಾವಲಿಗೆ ಸಪ್ತಮಾತೃಕೆಯರು. ನವಿಲುಗರಿ, ಈಟಿಯ ಧ್ವಜ ಕಾರ್ತಿಕೇಯ ಕೊಟ್ಟಿದ್ದಂತ. ಕಾರ್ತಿಕೇಯ ಕೊಟ್ಟಾನಂತ! ಅವನ ಮೈಮ್ಯಾಲ ಗರಿ ಅದಾವೇನ್ರೀ? ಕೊಟ್ಟಾಂವ ಒಬ್ಬ, ತಗೊಂಡಾಂವ ಒಬ್ಬ, ಬೋಳಾದವರು ನಾವು. ಸಾಕ್ಷಿ ಅಂತನೂ ನಮ್ಮ ಹೆಸರು ಬರಿಲಿಲ್ಲ.

ಆದರೂ ದೇವರೇ ಮೆಚ್ಚಿ ಕೊಟ್ಟ ರಾಜ್ಯವಲ್ಲವೇ?

ಚಾಲುಕ್ಯರು ಹೇಳಿಕೊಳ್ಳೋ ಮಾನವ್ಯ ಗೋತ್ರ, ಹಾರಿತೀಪುತ್ರ, ಮಹಾಸೇನ ಅಂದ್ರ ಅದೇ ಕಾರ್ತಿಕೇಯ, ಮಾತೃಗಣ ಎಲ್ಲಾ ಬನವಾಸಿ ಕದಂಬರ ಶಾಸನದಾಗ ಮೊದಲೇ ಅದಾವ. ಹಳೇ ಕಾಗದದಾಗ ಹೆಸರು ತಿದ್ದಿ ರಿಜಿಸ್ಟ್ರಿ ಮಾಡಿಸ್ಯಾರ. ಮುಂದ 753ರ ಸುಮಾರಿಗೆ ರಾಷ್ಟ್ರಕೂಟರ ದಂತಿದುರ್ಗ ಬಂದು ಬಾದಾಮಿ ಚಾಲುಕ್ಯರ ಬೇರು ಅಲುಗಾಡಿಸಿದ. ರಾಷ್ಟ್ರಕೂಟರ ಮುದ್ರಿ ಗರುಡ. 973ಕ್ಕ ಚಾಲುಕ್ಯರ ತೈಲಪ ಎದ್ದ, ಮತ್ತ ವರಾಹ ಬಂತು. ನಡುವಿನ 220 ವರ್ಷ ನಾರಾಯಣ ಯಾರ ಕಡೆ ಇದ್ದ? ಗರುಡ ಅವನ ವಾಹನ, ವರಾಹ ಅವನದೇ ಅವತಾರ. ಎರಡೂ ಪಾರ್ಟಿಗೆ ಬಿ-ಫಾರಂ ಕೊಟ್ಟಾನ! ‘ಪೃಥ್ವೀವಲ್ಲಭ’ ಅನ್ನೋ ಬಿರುದು ಸೋತವರಿಂದ ಗೆದ್ದವರಿಗೆ ಹೋಯ್ತು. ಪೃಥ್ವಿಗೆ ಯಾರೂ ಒಂದು ಮಾತು ಕೇಳಲಿಲ್ಲ.

ಕರಾರು ಎಂದ ಮೇಲೆ ಷರತ್ತು ಇರಬೇಕಲ್ಲ?

ಇಲ್ಲೇ ನೋಡ್ರಿ ಗಮ್ಮತ್ತು. ಶಾಸನದ ಕೊನೀಗೆ ಶಾಪ ಅದ: 60,000 ವರ್ಷ ಹೇಸಿಗ್ಯಾಗ ಹುಳ ಆಗಿ ಹುಟ್ಟಬೇಕು. ಯಾರು? ದತ್ತಿ ಭೂಮಿ ಕಸಗೊಂಡಾಂವ. ರಾಜ ಬರಗಾಲದಾಗ ಸುಂಕ ಸುಲಿದ್ರ? ಆ ಕಾಲಂ ಖಾಲಿ. ವರ ಎಲ್ಲಾ ರಾಜನ ಕಡೆ, ಜವಾಬ್ದಾರಿ ಎಲ್ಲಾ ದೇವರ ಕಡೆ.

ಯೆಹೂದ್ಯರೂ ತಮಗ ದೇವರ ಜೋಡಿ ಒಡಂಬಡಿಕೆ ಅದ ಅಂದವರೇ. ಆದ್ರ ಅವರ ಪುಸ್ತಕದಾಗ ಬೈಯಾಂವನೂ ಅದಾನ. ಅಮೋಸ ಅಂತ, ಕುರಿ ಕಾಯಾಂವ, ಅತ್ತಿಮರ ನೋಡಿಕೊಳ್ಳಾಂವ. ದೇವರು ನಿಮ್ಮನ್ನ ಆರಿಸ್ಯಾನ, ಅದಕ್ಕೇ ನಿಮ್ಮ ತಪ್ಪಿಗೆ ದಂಡ ಹಾಕ್ತಾನ ಅಂದ. ನಿಮ್ಮನ್ನ ಐಗುಪ್ತದಿಂದ ಕರಕೊಂಡು ಬಂದಂಗ ನಿಮ್ಮ ವೈರಿ ಫಿಲಿಷ್ಟಿಯರನ್ನೂ ಅವನೇ ಕರಕೊಂಡು ಬಂದಾನ ಅಂತನೂ ಅಂದ. ಬೇತೇಲಿನ ಪೂಜಾರಿ ಏನಂದ ಗೊತ್ತೇನು? ಊರು ಬಿಡು, ಇದು ರಾಜನ ಗುಡಿ ಅಂದ.

(ಇಲ್ಲಿ ನವಿಲು ಕತ್ತು ಚಾಚಿ ಒಮ್ಮೆ ಕೂಗಿತು. ಅಮೋಸನ ಪರವೋ ಪೂಜಾರಿಯ ಪರವೋ ತಿಳಿಯಲಿಲ್ಲ.)

ಈಚಿನ ದೇಶಗಳ ಕಥೆ?

ದಕ್ಷಿಣ ಆಫ್ರಿಕದಾಗ ಬೋಯರರು 1838ರ ಡಿಸೆಂಬರ್ 16ಕ್ಕ ಜುಲು ಜನರನ್ನ ಬಂದೂಕಿನಿಂದ ಗೆದ್ದು, ದೇವರಿಗೆ ಹೊತ್ತ ಹರಕಿ ಫಲಿಸ್ತು ಅಂದ್ರು. ಬಂದೂಕಿನ ಹೆಸರು ಹಿಂದ ಸರೀತು. ಈಗ ಅಲ್ಲಿ ಅದೇ ದಿನಕ್ಕ ಸಾಮರಸ್ಯದ ದಿನ ಅಂತಾರ. ಅಮೆರಿಕದವರು 1954ರಾಗ ಶಾಲಿ ಮಕ್ಕಳ ಪ್ರತಿಜ್ಞೆಯೊಳಗ ದೇವರನ್ನ ಸೇರಿಸಿದ್ರು, ಕಮ್ಯುನಿಸ್ಟರ ಮ್ಯಾಲಿನ ಸಿಟ್ಟಿಗೆ.

ನಮ್ಮ ಸಂವಿಧಾನಕ್ಕೆ ಯಾರೂ ದೇವರನ್ನು ಕರೆಯಲಿಲ್ಲವೇ?

ಕರೆದ್ರು! 1949ರ ಅಕ್ಟೋಬರ್ 17, ಸಂವಿಧಾನ ಸಭೆಯಾಗ ಪೀಠಿಕೆಯ ಚರ್ಚಾ. ಮಂಗಳೂರಾಗ ಹುಟ್ಟಿದ ಎಚ್.ವಿ. ಕಾಮತ್ ಎದ್ದು, ಪೀಠಿಕೆ ದೇವರ ಹೆಸರಿನಿಂದ ಶುರು ಆಗಲಿ ಅಂದ್ರು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ, ನಾವು ಶಾಕ್ತರು, ದೇವಿ ಯಾಕ ಬ್ಯಾಡ ಅಂದ್ರು. ಕುಂಜ್ರು ಅವರು, ಇದು ಒಬ್ಬೊಬ್ಬರ ಅಂತಃಸಾಕ್ಷಿ ವಿಷಯ, ಎಲ್ಲಾರ ಮ್ಯಾಲ ಹೇರಬ್ಯಾಡ್ರಿ ಅಂದ್ರು. ದೇವರ ಮ್ಯಾಲ ವೋಟು ಹಾಕೋ ಪೇಚಿಗೆ ನಮ್ಮನ್ನ ಸಿಗಿಸಬ್ಯಾಡ್ರಿ ಅಂತ ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡ್ರು. ಕಾಮತ್ ಕೇಳಲಿಲ್ಲ. ಎಣಿಸಿದ್ರ, ಪರ 41, ವಿರುದ್ಧ 68.

ದೇವರು ಸೋತನೇ?

ದೇವರು ನಿಂತಿದ್ದನೇನು ಸೋಲಲಿಕ್ಕ? ವಿರುದ್ಧ ಕೈ ಎತ್ತಿದವರಾಗ ದಿನಾ ಪೂಜಾ ಮಾಡೋರೂ ಇದ್ದಿರಬೇಕು. ಅವರು ಬ್ಯಾಡ ಅಂದದ್ದು ದೇವರ ಹೆಸರಿನಾಗ ದೇಶ ಸಹಿ ಹಾಕೋದನ್ನ. ಮಂತ್ರಿ ಪ್ರಮಾಣವಚನ ನೋಡ್ರಿ: ಬೇಕಾದ್ರ ದೇವರ ಹೆಸರಿನಾಗ, ಬ್ಯಾಡಾದ್ರ ಸತ್ಯನಿಷ್ಠೆಯಿಂದ. ಅವರವರ ಖಾತೆ ಅವರವರಿಗೆ. ಇದೇ ಕಲ್ಯಾಣದಾಗ ಶರಣರು ಲಿಂಗಾನ ಅಂಗೈಯಾಗ ಇಟಗೊಂಡ್ರು. ರಾಜ ಬಿಜ್ಜಳನ ಮುದ್ರಿ ಒತ್ತಿಸಿಕೊಂಡು ಬರಲಿಲ್ಲ.

ಈಗಲೂ ಕೆಲವರು ಕರಾರಿದೆ ಎನ್ನುತ್ತಾರೆ.

ತೋರಸ್ರಿ ಅನ್ರಿ. ಈ ಕಡೆ ಸಹಿ ಎಲ್ಲಾರಿಗೂ ಕಾಣ್ತದ, ದೊಡ್ಡ ಅಕ್ಷರದಾಗ ಇರ್ತದ. ಆ ಕಡೆಯವರ ಸಹಿ ಎಲ್ಲದ?

ತಾವೂ ಆಯ್ಕೆಯಾದವರೇ. 1963ರಿಂದ ರಾಷ್ಟ್ರಪಕ್ಷಿ.

ಹೌದ್ರಿ. ಆವಾಗ ನಮ್ಮ ಹಿರ್ಯಾರು ಕಾಗಿ ಜೋಡಿ ಮಾತು ಬಿಟ್ಟಿದ್ರಂತ. ಗಿಡದ ತುದಿಗೆ ಕೂತು, ನಮ್ಮನ್ನ ಆರಿಸ್ಯಾರ, ನಮ್ಮನ್ನ ಆರಿಸ್ಯಾರ ಅಂತ ಒದರೋದೇ ಕೆಲಸ. ಆದ್ರ ಆರಿಸಿದ್ದು ದಿಲ್ಲಿ ಸರ್ಕಾರ, ಕಾರ್ತಿಕೇಯ ಅಲ್ಲ. ಅದಕ್ಕ ತೊಗರಿ ತಿನ್ನೋ ಹಕ್ಕೂ ಬರಲಿಲ್ಲ... ತಡೀರಿ, ಹೊಲದ ಗೌಡ ಬಡಿಗಿ ಹಿಡಕೊಂಡು ಬರ್ಲತ್ಯಾನ. ಓಡಿ ಹೋಯ್ತು ಅಂತ ಬರೀಬ್ಯಾಡ್ರಿ. ರಾಷ್ಟ್ರಪಕ್ಷಿಗೆ ತುರ್ತು ಸಭೆ ಇತ್ತು ಅಂತ ಬರೀರಿ.