ಸಮ ಗುಂಪು: ಬಳಸುವವರ ಕೈಪಿಡಿ (ಶಿರಾಳಕೊಪ್ಪ ಮಾದರಿ)

ಅಪವರ್ತನ ಎಂಬ ಈ ಉಪಕರಣವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು. ನೀವೇನೂ ಆರಿಸಿಕೊಳ್ಳಲಿಲ್ಲ, ಶಾಲೆಯವರು ಕೈಗಿಟ್ಟರು, ನಿಜ. ಆದರೂ ಕೈಪಿಡಿ ಎಂದ ಮೇಲೆ ಹೀಗೇ ಶುರುವಾಗಬೇಕು. ಬ್ಯಾಟರಿ ಬೇಡ, ಮಗ್ಗಿ ಬಾಯಿಗೆ ಬಂದರೆ ಸಾಕು.

ಮೊದಲ ಸಲ ಚಾಲೂ ಮಾಡುವಾಗ: 60 ಕೆ.ಜಿ. ಶುಂಠಿ ಚೀಲದ ಮೇಲೆ ಪ್ರಯೋಗಿಸಿ. ಶೇಷ ಉಳಿಸದೆ ಭಾಗಿಸುವ ಸಂಖ್ಯೆಗಳನ್ನು ಜೋಡಿಯಾಗಿ ಬರೆಯಿರಿ: 1×60, 2×30, 3×20, 4×15, 5×12, 6×10. ಏಳಕ್ಕೆ ಭಾಗವಾಗದು. ಎಂಟೆಂಟ್ಲ ಅರವತ್ನಾಲ್ಕು, ಅರವತ್ತನ್ನು ದಾಟಿತು, ನಿಲ್ಲಿಸಿ. ಮುಂದೆ ಹೋದರೆ ಹಳೆಯ ಜೋಡಿಗಳೇ ತಿರುವುಮುರುವಾಗಿ ಬರುತ್ತವೆ. ಚೀಲ 59 ತೂಗಿದರೆ ಅದು ಅವಿಭಾಜ್ಯ ಸಂಖ್ಯೆ. ದೂರು ತಕ್ಕಡಿಯವರಿಗೆ ಕೊಡಿ, ನಮಗಲ್ಲ.

ನಿತ್ಯ ಬಳಕೆ: 48 ಹುಡುಗಿಯರು, 36 ಹುಡುಗರು ಪಕ್ಕದ ಬಳ್ಳಿಗಾವಿಗೆ ಹೊರಟಿದ್ದಾರೆ ಎನ್ನಿ. ಹುಡುಗ ಹುಡುಗಿಯರನ್ನು ಬೆರೆಸಬಾರದು, ಪ್ರತಿ ಗುಂಪಿನಲ್ಲೂ ಒಂದೇ ಸಂಖ್ಯೆಯ ಮಂದಿ ಇರಬೇಕು. ಪುಸ್ತಕ ತಕ್ಷಣ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಕೇಳುತ್ತದೆ: 12. ಗುಂಪುಗಳು 4 ಮತ್ತು 3, ಒಟ್ಟು 7. ಅಂಕ ಬಂತು. ಆದರೆ ಅಲ್ಲಿನ ಕೇದಾರೇಶ್ವರ ದೇವಸ್ಥಾನ ತ್ರಿಕೂಟ, ಗರ್ಭಗುಡಿಗಳು ಮೂರು. ಏಳು ಗುಂಪನ್ನು ಮೂರು ಬಾಗಿಲಿಗೆ ಹಂಚಿ ನೋಡೋಣ! ಹನ್ನೆರಡರ ಅಪವರ್ತನಗಳಲ್ಲಿ ಒಂದೊಂದೇ ಮೆಟ್ಟಿಲು ಇಳಿಯಿರಿ. ಆರಾರು ಮಂದಿಯಾದರೆ 14 ಗುಂಪು, ಅದೂ ಆಗದು. ನಾಲ್ಕು ನಾಲ್ಕಾದರೆ 21. ಪ್ರತಿ ಗರ್ಭಗುಡಿಯ ಮುಂದೆ ಹುಡುಗಿಯರದು ನಾಲ್ಕು, ಹುಡುಗರದು ಮೂರು ಗುಂಪು. ಉಪಕರಣ ಪಟ್ಟಿ ಕೊಡುತ್ತದೆ, ಅದರಲ್ಲಿ ಯಾವುದು ಬೇಕೆಂದು ಹೇಳುವುದು ಊರು. ಎಲ್ಲದಕ್ಕೂ ಅತಿ ದೊಡ್ಡದನ್ನೇ ಕೇಳುವುದು ಪಠ್ಯಪುಸ್ತಕದ ಚಟ ಎಂದೇ ನನ್ನ ಅಭಿಪ್ರಾಯ.

ಎಚ್ಚರಿಕೆ: ಲೆಕ್ಕದಲ್ಲಿ ‘ಸಮನಾಗಿ’ ಎಂದು ಹೇಳದಿದ್ದರೆ ಉಪಕರಣಕ್ಕೆ ಕೈ ಹಚ್ಚಬೇಡಿ. ಉದಾಹರಣೆಗೆ, ಮುಕ್ಕಣ್ಣ ಕದಂಬನೆಂಬ ಅರಸ ಉತ್ತರದ ಅಹಿಚ್ಛತ್ರದಿಂದ 32 ಕುಟುಂಬಗಳ 12,000 ಬ್ರಾಹ್ಮಣರನ್ನು ಕರೆತಂದು ನೆಲೆಗೊಳಿಸಿದ ಎಂಬ ಐತಿಹ್ಯ ಇಲ್ಲೇ ಸಮೀಪದ ತಾಳಗುಂದದ ಒಂದು ಶಾಸನದಲ್ಲಿದೆ. ಭಾಗಿಸಿದರೆ ಕುಟುಂಬಕ್ಕೆ 375, ಶೇಷ ಸೊನ್ನೆ. ಹನ್ನೆರಡು ಸಾವಿರದೊಳಗೆ ಐದು ಎರಡುಗಳಿವೆ. ಐದನ್ನೂ ಮೂವತ್ತೆರಡು ನುಂಗಿಬಿಡುತ್ತದೆ, ಅದಕ್ಕೇ 375 ಬೆಸಸಂಖ್ಯೆ. ಲೆಕ್ಕ ಎಷ್ಟು ಚೆಂದವಾದರೂ ಎಲ್ಲ ಕುಟುಂಬಗಳೂ ಒಂದೇ ಗಾತ್ರದವು ಎಂದು ಶಾಸನ ಹೇಳುವುದಿಲ್ಲ. ಮೇಲಾಗಿ, ಈ ಊರುಗಳಿದ್ದ ಬನವಾಸಿ ನಾಡನ್ನೇ ‘ಹನ್ನೆರಡು ಸಾವಿರ’ ಎಂದು ಕರೆಯುತ್ತಿದ್ದರು. ಆ ಸಂಖ್ಯೆ ಏನನ್ನು ಎಣಿಸಿದ್ದೆಂದು ಇತಿಹಾಸಕಾರರಲ್ಲೇ ಒಮ್ಮತವಿಲ್ಲ. ನೀವು ಪೆನ್ಸಿಲ್ ಚೂಪು ಮಾಡಿಕೊಂಡು ನುಗ್ಗಬೇಡಿ.

ದುರಸ್ತಿ: ಬಳ್ಳಿಗಾವಿಗೆ ಹೊರಡುವ ಬೆಳಿಗ್ಗೆ ಒಬ್ಬ ಹುಡುಗಿಗೆ ಜ್ವರ ಬಂದರೆ ಉಳಿಯುವುದು 47. ಅದು ಅವಿಭಾಜ್ಯ. 36ರ ಜೊತೆ ಅದಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ, ಅಂದರೆ ಗುಂಪಿಗೆ ಒಬ್ಬೊಬ್ಬರು. ಗಾಬರಿ ಬೇಡ. ಮೇಡಂ ಅವರನ್ನು ಹುಡುಗಿಯರ ಸಾಲಿಗೆ ಸೇರಿಸಿಕೊಂಡು ಬಸ್ ಹತ್ತಿ. ಈ ದುರಸ್ತಿಗೆ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ.